16 ನಿಮಿಷಕ್ಕೂ ಮೂರು ಗಂಟೆಗೂ ಒಂದೇ ತಕ್ಕಡಿಯಾ?

ನಾವಿಬ್ಬರೂ ಪತ್ರಿಕೋದ್ಯಮ ಎಂ.ಎ. ಎರಡನೇ ವರ್ಷ. ವಿಭಾಗದ ಗೋಡೆ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವ ಪಾಳಿ ನಮ್ಮದು. ಒಂದು ವಾರ ಯಾರದೋ ಕಿರುಚಿತ್ರ, ಇನ್ನೊಂದು ವಾರ ಥಿಯೇಟರಿನ ಬ್ಲಾಕ್‌ಬಸ್ಟರ್. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಾ ಅಂತ ಕ್ಯಾಂಟೀನಿನಲ್ಲಿ ಶುರುವಾದ ಜಗಳ ಮುಗಿಯುವ ಹಾಗೆ ಕಾಣಲಿಲ್ಲ. ಮೇಷ್ಟ್ರು "ಬಾಯಲ್ಲಿ ಬೇಡ, ಬರೆದು ತನ್ನಿ" ಅಂದರು.

ಪರ: ರಿಯಾಯಿತಿ ಕೇಳಿದವರು ಯಾರು?

ಕಳೆದ ವರ್ಷ ಸೀನಿಯರ್ ಒಬ್ಬರ 12 ನಿಮಿಷದ ಕಿರುಚಿತ್ರ ನೋಡಿದೆ. ಮೊದಲ ಒಂದೂವರೆ ನಿಮಿಷ ಟೈಟಲ್. ಆಮೇಲೆ ಕೆರೆಯ ಮೇಲೆ ಡ್ರೋನ್. ಆಮೇಲೆ ನಲ್ಲಿಯಿಂದ ನೀರು ತೊಟ್ಟಿಕ್ಕುವುದು, ಅದೂ ಸ್ಲೋ ಮೋಷನ್‌ನಲ್ಲಿ. ಅಪ್ಪ ಮಗ ಮಾತಾಡುವ ಮುಖ್ಯ ದೃಶ್ಯದಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ. ಕೊನೆಗೆ ಧನ್ಯವಾದದ ಪಟ್ಟಿಯೇ ಎರಡು ನಿಮಿಷ. ಅದರಲ್ಲಿ ನನ್ನ ಹೆಸರೂ ಇತ್ತು, ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ನಾನು ಬರೆದದ್ದು ಇಷ್ಟು: 'ಹೊಸಬರ ಉತ್ತಮ ಪ್ರಯತ್ನ.'

ವಾರ ಬಿಟ್ಟು ಅವರು ಮೆಟ್ಟಿಲ ಹತ್ತಿರ ಸಿಕ್ಕರು. "ಪ್ರಯತ್ನ ಅಂತ ಬರ್ದಿದ್ದೀಯ. ಅಂದ್ರೆ ಸಿನಿಮಾ ಆಗಿಲ್ಲ ಅಂತ ತಾನೇ? ಎಲ್ಲಿ ಕೆಟ್ಟಿದೆ ಅಂತ ಬರ್ದಿದ್ರೆ ಮುಂದಿನ ಸಲಕ್ಕಾದ್ರೂ ಉಪಯೋಗ ಆಗ್ತಿತ್ತು" ಅಂದರು. ಆ ಪದವನ್ನು ಅವತ್ತೇ ಬಿಟ್ಟೆ.

ದೊಡ್ಡ ಸಿನಿಮಾಗಳಿಗೆ ಬೇರೆ ಥರದ ರಿಯಾಯಿತಿ ಇದೆ. 'ಲಾಜಿಕ್ ಹುಡುಕಬೇಡಿ, ಮಾಸ್ ಸಿನಿಮಾ.' ಅದೂ ಸಾಲದಿದ್ದರೆ ಕಲೆಕ್ಷನ್ ಲೆಕ್ಕ. 2022ರ ಏಪ್ರಿಲ್ 14ಕ್ಕೆ ಐದು ಭಾಷೆಗಳಲ್ಲಿ ಬಂದ 'ಕೆಜಿಎಫ್ ಚಾಪ್ಟರ್ 2' ಜಗತ್ತಿನಾದ್ಯಂತ ಸಾವಿರ ಕೋಟಿ ದಾಟಿತು. ಸಂತೋಷ. ಆದರೆ ಅದು ನಿರ್ಮಾಪಕರ ಲೆಕ್ಕದ ಪುಸ್ತಕಕ್ಕೆ ಸೇರಿದ ಅಂಕಿ. ನಾನು ನೋಡಬೇಕಾದದ್ದು ಒಂದು ಶಾಟ್ ಇನ್ನೊಂದಕ್ಕೆ ಹೇಗೆ ಅಂಟಿಕೊಂಡಿದೆ ಅನ್ನುವುದನ್ನು.

ಅದೇ ಚಿತ್ರದಲ್ಲಿ ನನ್ನ ವಾದಕ್ಕೆ ಬೇಕಾದ ಸಾಕ್ಷಿಯೂ ಇದೆ. ಅದರ ಸಂಕಲನಕಾರ ಉಜ್ವಲ್ ಕುಲಕರ್ಣಿ. ವಯಸ್ಸು ಆಗ ಇಪ್ಪತ್ತರ ಆಸುಪಾಸು. ಅದಕ್ಕೂ ಮುಂಚೆ ಅವರು ಮಾಡುತ್ತಿದ್ದದ್ದು ಕಿರುಚಿತ್ರಗಳ ಎಡಿಟಿಂಗ್, ಯೂಟ್ಯೂಬಿಗೆ ಅಭಿಮಾನಿ ವಿಡಿಯೊ. ಕಿರುಚಿತ್ರ ಕತ್ತರಿಸಿದ ಕೈಗೇ ನಿರ್ದೇಶಕ ಪ್ರಶಾಂತ್ ನೀಲ್ 168 ನಿಮಿಷದ ಸಿನಿಮಾ ಕೊಟ್ಟರು. ಕತ್ತರಿಸುವವನಿಗೆ ಇಲ್ಲದ ಭೇದ ಬರೆಯುವವನಿಗೆ ಯಾಕೆ?

ಇನ್ನೊಂದು ತೊಡಕು. ಬ್ಲಾಕ್‌ಬಸ್ಟರ್ ಅನ್ನುವುದು ಸಿನಿಮಾದ ಜಾತಿಯಲ್ಲ, ಆಮೇಲೆ ಸಿಗುವ ಬಿರುದು. 'ಕಾಂತಾರ' 2022ರ ಸೆಪ್ಟೆಂಬರ್ 30ರಂದು ಬಂದಾಗ ಕನ್ನಡದಲ್ಲಿ ಮಾತ್ರ ಇತ್ತು. ಹಿಂದಿಗೆ ಡಬ್ ಆಗಿ ಬಂದದ್ದು ಎರಡು ವಾರ ಆದ ಮೇಲೆ. ಮೊದಲ ದಿನ ಒಂದು ತಕ್ಕಡಿ, ದಸರಾ ಕಳೆದ ಮೇಲೆ ಇನ್ನೊಂದು ತಕ್ಕಡಿ ಅಂತ ಬದಲಾಯಿಸಬೇಕಿತ್ತಾ? ಸಿನಿಮಾ ಅದೇ ಅಲ್ವಾ?

ಚಿಕ್ಕದನ್ನೂ ದೊಡ್ಡದರ ಪಕ್ಕ ಧೈರ್ಯವಾಗಿ ಇಡಬಹುದು. ಚಿದಾನಂದ ಎಸ್. ನಾಯ್ಕ್ ವೈದ್ಯಕೀಯ ಓದಿ, ಆಮೇಲೆ ಪುಣೆಯ ಸಿನಿಮಾ ಶಾಲೆ ಎಫ್‌ಟಿಐಐ ಸೇರಿದವರು. ಅಲ್ಲಿ ಅವರು ಮಾಡಿದ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' 2024ರ ಕಾನ್ ಚಿತ್ರೋತ್ಸವದಲ್ಲಿ ಲಾ ಸಿನೆಫ್ ಮೊದಲ ಬಹುಮಾನ ಗೆದ್ದಿತು. ಇರುವುದು 16 ನಿಮಿಷ, ಚಿತ್ರೀಕರಣ ನಾಲ್ಕೇ ದಿನ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದಿಯುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ರಾತ್ರಿಯನ್ನೇ ನಂಬಿಕೊಂಡ ಕಥೆ. ಇದಕ್ಕೆ 'ಪ್ರಯತ್ನ' ಅಂತ ಬರೆಯೋಕಾಗುತ್ತಾ?

ನಾನು ಕೇಳುವ ಪ್ರಶ್ನೆ ಎರಡೇ. ಏನು ಹೇಳಲು ಹೊರಟರು? ಅದು ನನಗೆ ಕಂಡಿತಾ, ಕೇಳಿಸಿತಾ? ನಲ್ಲಿ ನೀರಿಗೂ ಅದೇ, ಮೆಷಿನ್ ಗನ್ನಿಗೂ ಅದೇ.

ವಿರೋಧ: ನೋಡಿದ್ದು ಎಲ್ಲಿ ಕೂತು?

ಮೊದಲು ಇವನ ಕಾನ್ ಉದಾಹರಣೆಯನ್ನೇ ತಗೊಳ್ಳೋಣ. ಲಾ ಸಿನೆಫ್ ಅನ್ನುವುದು ಸಿನಿಮಾ ಶಾಲೆಗಳ ವಿದ್ಯಾರ್ಥಿಗಳ ಚಿತ್ರಗಳಿಗೇ ಅಂತ ಇರುವ ವಿಭಾಗ. ಕಾನ್‌ನವರೇ ಬೇರೆ ತಕ್ಕಡಿ ಇಟ್ಟುಕೊಂಡಿದ್ದಾರೆ. ಆಸ್ಕರ್‌ನಲ್ಲೂ ಹಾಗೇ. ಟೈಟಲ್ ಎಲ್ಲ ಸೇರಿ 40 ನಿಮಿಷದೊಳಗಿದ್ದರೆ ಕಿರುಚಿತ್ರ, ಅದರ ಸ್ಪರ್ಧೆಯೇ ಬೇರೆ. ಅದನ್ನು ಯಾರೂ ರಿಯಾಯಿತಿ ಅನ್ನುವುದಿಲ್ಲ. ವಚನ ಓದಿ 'ಇದರಲ್ಲಿ ಕುಮಾರವ್ಯಾಸನ ವಿಸ್ತಾರ ಎಲ್ಲಿದೆ?' ಅಂತ ನಾವು ಕೇಳುವುದಿಲ್ಲ ತಾನೇ?

ಎರಡನೆಯದು, ಇವನು ಮೇಲೆ ಹುಂಜದ ಕಥೆ ಹೇಳಿಯೇಬಿಟ್ಟ. ಮೂರು ಗಂಟೆಯ ಸಿನಿಮಾದಲ್ಲಿ ಎರಡು ಸಾಲಿನ ಕಥೆ ಹೇಳಿದರೆ ಏನೂ ಹೋಗುವುದಿಲ್ಲ, ಟ್ರೇಲರೇ ಅಷ್ಟು ಹೇಳಿರುತ್ತದೆ. 16 ನಿಮಿಷದ ಚಿತ್ರದಲ್ಲಿ ಅದು ಅರ್ಧ ಸಿನಿಮಾ. ಕಿರುಚಿತ್ರದ ವಿಮರ್ಶೆಯಲ್ಲಿ ಕಥೆಯನ್ನು ಮುಟ್ಟದೆ ಬೆಳಕು, ಶಬ್ದ, ಮುಖಗಳ ಬಗ್ಗೆ ಬರೆಯುವುದನ್ನು ಕಲಿಯಬೇಕು. ಬರೆಯುವ ಕ್ರಮವೇ ಬೇರೆ ಆದಾಗ ಅಳೆಯುವ ಕ್ರಮ ಒಂದೇ ಇರಲಿ ಅಂದರೆ ಹೇಗೆ?

ಈಗ ನನ್ನ ಮುಖ್ಯ ಮಾತು. ಹೋದ ವರ್ಷ ಒಂದು ಸ್ಟಾರ್ ಸಿನಿಮಾದ ಬೆಳಗಿನ ಆರೂವರೆ ಶೋಗೆ ಹೋಗಿದ್ದೆ. ಹಳೇ ಸಿಂಗಲ್ ಸ್ಕ್ರೀನ್. ಹೊರಗೆ ಕಟೌಟಿಗೆ ಹಾಲು ಸುರಿದು ನೆಲವೆಲ್ಲ ಜಾರುತ್ತಿತ್ತು. ಹೀರೋ ಬಂದ ಕೂಡಲೇ ಹರಿದ ಪೇಪರು ಗಾಳಿಯಲ್ಲಿ, ಮುಂದಿನ ಸಾಲಿನವರು ಸೀಟಿನ ಮೇಲೆ. ಮೊದಲ ಡೈಲಾಗ್ ಯಾರಿಗೂ ಕೇಳಿಸಲಿಲ್ಲ, ಯಾರಿಗೂ ಬೇಕಾಗಿಯೂ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅಣ್ಣ ಒಬ್ಬರು ಒಂದು ಹಿಡಿ ಪೇಪರ್ ಚೂರು ನನ್ನ ಕೈಗಿಟ್ಟು "ಎಸೀಮ್ಮ, ಸುಮ್ನೆ ಕೂತ್ಕೋಬೇಡ" ಅಂದರು. ಎಸೆದೆ. ವಿಮರ್ಶಕಿ ಅನ್ನುವುದು ಆ ಕ್ಷಣಕ್ಕೆ ನೆನಪಿರಲಿಲ್ಲ.

ಆಮೇಲೆ ಅದೇ ಸಿನಿಮಾವನ್ನು ಪಿಜಿಯಲ್ಲಿ ಲ್ಯಾಪ್‌ಟಾಪಿನಲ್ಲಿ ನೋಡಿದೆ. ಹೀರೋ ತಿರುಗುತ್ತಾನೆ, ನಿಲ್ಲುತ್ತಾನೆ, ಸುಮ್ಮನೆ ನೋಡುತ್ತಾನೆ. ಏನೂ ನಡೆಯುತ್ತಿಲ್ಲ! ಆಗ ಹೊಳೆಯಿತು. ಆ ಖಾಲಿ ಜಾಗ ಶಿಳ್ಳೆಗೆ ಅಂತಲೇ ಬಿಟ್ಟದ್ದು. ಇಂಟರ್ವಲ್ಲಿಗೆ ಮುಂಚೆ ಬರುವ ದೊಡ್ಡ ಹೊಡೆತವೂ ಹಾಗೇ. ಜನ ಪಾಪ್‌ಕಾರ್ನ್ ಕ್ಯೂನಲ್ಲಿ ನಿಂತು ಅದನ್ನೇ ಮಾತಾಡಿಕೊಳ್ಳಲಿ ಅಂತ ಇಟ್ಟದ್ದು. ಆ ಸಿನಿಮಾದ ಅರ್ಧ ಭಾಗ ಪರದೆಯ ಮೇಲಿದೆ, ಇನ್ನರ್ಧ ಕುರ್ಚಿಗಳಲ್ಲಿದೆ. ಕಿರುಚಿತ್ರಕ್ಕೆ ಇಂಟರ್ವಲ್ಲೂ ಇಲ್ಲ, ಶಿಳ್ಳೆಯೂ ಇಲ್ಲ. ಜಾಸ್ತಿ ಸಲ ನೋಡುವವರು ಒಬ್ಬರೇ, ಇಯರ್‌ಫೋನ್ ಹಾಕಿಕೊಂಡು, ಅಂಗೈ ಅಗಲದ ಪರದೆಯಲ್ಲಿ. ಅಲ್ಲಿ ಮೂರು ಸೆಕೆಂಡ್ ಮೌನ ಅಂದರೆ ಬಹಳ ದೊಡ್ಡ ವಿಷಯ. 'ಕಂಡಿತಾ, ಕೇಳಿಸಿತಾ' ಅನ್ನುವ ಇವನ ಪ್ರಶ್ನೆಗೆ ನಾನು ಹೋದ ಬೆಳಗಿನ ಶೋ ಫೇಲು. ಆದರೆ ಆ ಶೋ ಸೋತಿತು ಅಂತ ನಾನು ಹೇಗೆ ಬರೆಯಲಿ?

ಕತ್ತರಿ ಒಂದೇ ಅನ್ನುವ ಮಾತು ಒಪ್ಪಿದೆ. ಟೈಲರ್ ಅಂಗಡಿಯಲ್ಲೂ ಕತ್ತರಿ ಒಂದೇ, ಟೇಪೂ ಒಂದೇ. ಆದರೆ ತೊಡುವವರನ್ನು ನಿಲ್ಲಿಸಿಯೇ ಅಳತೆ ತಗೊಳ್ಳುತ್ತಾರೆ.

ಫ್ಯಾನಿನ ಸದ್ದಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಾನು ಬೂಮ್, ಅಂದರೆ ಉದ್ದ ಕೋಲಿನ ಮೈಕ್ ಹಿಡಿದವಳು. ನಮ್ಮ ಕಿರುಚಿತ್ರದ ಶೂಟಿಂಗ್ ಗೆಳತಿಯ ಮನೆಯಲ್ಲಿ. ಪಕ್ಕದ ಮನೆಯ ಆಂಟಿ ಸರಿಯಾಗಿ ಟೇಕ್ ಹೊತ್ತಿಗೇ ಚಟ್ನಿಗೆ ಮಿಕ್ಸಿ ಹಾಕುತ್ತಿದ್ದರು. ಎರಡು ಸಲ ಹೋಗಿ ಕೇಳಿಕೊಂಡೆವು, ಪಾಪ, ನಿಲ್ಲಿಸಿದರು. ಮೂರನೇ ಸಲ "ನಮ್ಮನೇಲಿ ತಿಂಡಿ ಆಗ್ಬೇಕಲ್ಲ ಮಕ್ಕಳಾ" ಅಂದರು. ಬಾಡಿಗೆ ಲೆನ್ಸ್ ಸಂಜೆ ಆರಕ್ಕೆ ವಾಪಸ್ ಕೊಡಬೇಕಿತ್ತು. ದೊಡ್ಡ ಸಿನಿಮಾದವರು ಇಂಥ ಕಡೆ ಡಬ್ಬಿಂಗ್ ಥಿಯೇಟರಿಗೆ ಹೋಗುತ್ತಾರೆ, ನಾವು ಕಂಬಳಿ ಹೊದ್ದು ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಂಡೆವು. ತಪ್ಪನ್ನು ತಪ್ಪು ಅಂತ ಬರೆಯಿರಿ, ಬೇಡ ಅನ್ನುವುದಿಲ್ಲ. ಆದರೆ ದುಡ್ಡಿದ್ದೂ ಮಾಡಿದ ತಪ್ಪಿಗೂ ಆರು ಗಂಟೆಯೊಳಗೆ ಮಾಡಿದ ತಪ್ಪಿಗೂ ಒಂದೇ ಕೋಪ ಬೇಡ.

ಪೆಟ್ಟಿನ ಲೆಕ್ಕವೂ ಇದೆ. ಬ್ಲಾಕ್‌ಬಸ್ಟರಿನ ಬಗ್ಗೆ ನಮ್ಮ ಗೋಡೆ ಪತ್ರಿಕೆ ಏನೇ ಬರೆದರೂ ಹೌಸ್‌ಫುಲ್ ಬೋರ್ಡ್ ಇಳಿಯುವುದಿಲ್ಲ. ಕಿರುಚಿತ್ರಕ್ಕೆ ಬರುವುದು ಒಂದೇ ವಿಮರ್ಶೆ, ಬರೆದವರು ಪಕ್ಕದ ಬೆಂಚಿನವರು. ಇವನ ಸೀನಿಯರ್ ಗಟ್ಟಿ ಮನುಷ್ಯ, ಬಂದು ಕೇಳಿದರು. ಕೇಳದೆ ಕ್ಯಾಮೆರಾ ಒಳಗಿಟ್ಟವರನ್ನೂ ನಾನು ನೋಡಿದ್ದೇನೆ.

ಹಾಗಂತ 'ಉತ್ತಮ ಪ್ರಯತ್ನ' ನನಗೂ ಬೇಡ. ನಮ್ಮ 11 ನಿಮಿಷದ ಚಿತ್ರ ಮುಂದಿನ ತಿಂಗಳು ಸೆಮಿನಾರ್ ಹಾಲಿನಲ್ಲಿದೆ. ಇವನು ಪೆನ್ನು ಹಿಡಿದುಕೊಂಡೇ ಬರುತ್ತೇನೆ ಅಂದಿದ್ದಾನೆ. ನಾಲ್ಕನೇ ನಿಮಿಷದಲ್ಲಿ ಮಿಕ್ಸಿ ಇನ್ನೂ ಕೇಳಿಸುತ್ತಿದೆ, ರಾತ್ರಿ ಕೂತು ತೆಗೆಯುತ್ತಿದ್ದೇನೆ.