ನೆಟ್ಟಗಿರುವ ಫ್ರೇಮ್ ಬೇರೆ, ಕೊಳ್ಳಬೇಕಾದ ಫ್ರೇಮ್ ಬೇರೆ

ಜಪಾನಿನಲ್ಲಿ ಕೇರಿನ್ ಅನ್ನುವ ಸೈಕಲ್ ರೇಸಿಗೆ ಕಟ್ಟಿದ ಹಳೆ ಫ್ರೇಮ್‌ಗಳ ಹುಚ್ಚು ನಮ್ಮ ಸೈಕಲ್ ಬಳಗಕ್ಕೂ ಹತ್ತಿದೆ. ಯಾರಾದರೂ ಕೆಲಸದ ಮೇಲೆ ಆ ಕಡೆ ಹೋದರೆ ಸಾಕು, ಸ್ವಲ್ಪ ದಿನಕ್ಕೇ ವಾಟ್ಸ್ಯಾಪಿನಲ್ಲಿ ಮೆಸೇಜ್ ಬರುತ್ತದೆ. "ಅಣ್ಣಾ, ಸ್ಟೀಲ್ ಟ್ರ್ಯಾಕ್ ಫ್ರೇಮ್ ಸಿಕ್ಕಿದೆ. ಎನ್‌ಜೆಎಸ್ ಮುದ್ರೆ ಇದೆ. ತಗೊಳ್ಳಲಾ?" ಈ ಸಲ ಕೇಳಿದವನು ದಾವಣಗೆರೆಯ ಹುಡುಗ. ಈಗ ನಗೋಯಾದಲ್ಲಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ. ಮುಂದೆ ಕೇಳುವವರಿಗೆ ಇದರ ಲಿಂಕ್ ಕಳಿಸಿ ಸುಮ್ಮನಾಗಬಹುದು.

ಮೊದಲು ಆ ಮುದ್ರೆಯ ವಿಷಯ. ಅದನ್ನು ನೋಡಿಯೇ ಅರ್ಧ ಜನ ಮರುಳಾಗುತ್ತಾರೆ.

ಕೇರಿನ್ ಶುರುವಾದದ್ದು 1948ರಲ್ಲಿ, ಕೊಕುರಾ ಊರಿನಲ್ಲಿ. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ದೇಶ. ಸ್ಥಳೀಯ ಆಡಳಿತಗಳಿಗೆ ದುಡ್ಡು ಬೇಕಿತ್ತು. ಸೈಕಲ್ ರೇಸ್ ಇಟ್ಟು, ಜನರಿಂದ ಬಾಜಿ ಕಟ್ಟಿಸಿ, ಅದರಲ್ಲಿ ಒಂದು ಪಾಲು ತೆಗೆದುಕೊಂಡರು. ಇವತ್ತಿಗೂ ಜಪಾನಿನಲ್ಲಿ 40ಕ್ಕೂ ಹೆಚ್ಚು ಕೇರಿನ್ ಟ್ರ್ಯಾಕ್‌ಗಳಿವೆ. 2000ದ ಸಿಡ್ನಿ ಒಲಿಂಪಿಕ್ಸ್‌ಗೂ ಈ ಆಟ ಹೋಯಿತು. ಜನ ದುಡ್ಡು ಕಟ್ಟುವ ಆಟ ಅಂದಮೇಲೆ ಯಾರ ಸೈಕಲ್ಲೂ ಉಳಿದವರದ್ದಕ್ಕಿಂತ ವಿಶೇಷವಾಗಿರಬಾರದು, ಗೆಲುವು ಕಾಲಿನಿಂದಲೇ ಬರಬೇಕು. ಅದಕ್ಕೇ ಫ್ರೇಮ್, ಹಬ್, ಕ್ರ್ಯಾಂಕ್, ಪೆಡಲ್ ಎಲ್ಲಕ್ಕೂ ಒಪ್ಪಿಗೆಯ ಮುದ್ರೆ ಬೇಕು ಅಂತ ನಿಯಮ ಮಾಡಿದರು. ನಿಹೊನ್ ಜಿತೆನ್ಶಾ ಶಿಂಕೋಕಾಯ್ ಅನ್ನುವ ಸಂಸ್ಥೆಯ ಚುಟುಕು ಹೆಸರೇ ಎನ್‌ಜೆಎಸ್. ಸಂಸ್ಥೆ ಆಮೇಲೆ ಜೆಕೆಎ ಆಯಿತು. ಮುದ್ರೆಯ ಹೆಸರು ಮಾತ್ರ ಹಾಗೇ ಉಳಿಯಿತು.

ಅಂದರೆ ಇದು ಚಿನ್ನದ ಮೇಲಿನ ಹಾಲ್‌ಮಾರ್ಕ್ ಅಲ್ಲ. ಹಾಲ್‌ಮಾರ್ಕ್ ಇದ್ದರೆ ಬಳೆ ಸೊಟ್ಟಗಾದರೂ ಚಿನ್ನದ ಬೆಲೆ ಬರುತ್ತದೆ. ಫ್ರೇಮ್ ಸೊಟ್ಟಗಾದರೆ ಅದು ಮುದ್ರೆ ಇರುವ ಗುಜರಿ, ಅಷ್ಟೇ. ಆ ಫ್ರೇಮ್ ಕಟ್ಟಿದ ದಿನ ನಿಯಮಕ್ಕೆ ಹೊಂದಿತ್ತು ಅಂತ ಮುದ್ರೆ ಹೇಳುತ್ತದೆ. ಆಮೇಲೆ ಏನಾಯಿತು ಅಂತ ಹೇಳುವುದಿಲ್ಲ. ಆಮೇಲೆ ಆಗುವುದೇ ಜಾಸ್ತಿ. ಒಂಬತ್ತು ಜನದವರೆಗೂ ಒಟ್ಟಿಗೆ ಓಡುತ್ತಾರೆ. ಕೊನೆಯಲ್ಲಿ ವೇಗ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ಭುಜಕ್ಕೆ ಭುಜ ಕೊಟ್ಟು ತಳ್ಳುವುದೂ ಒಂದು ಮಿತಿಯವರೆಗೆ ಆಟದ ಭಾಗವೇ. ಬೀಳದೆ ಇರುತ್ತಾರಾ? ಮಾರಾಟಕ್ಕೆ ಬರುವ ಹಳೆ ಫ್ರೇಮ್‌ಗಳಲ್ಲಿ ಬಿದ್ದೆದ್ದು ಬಂದವೂ ಸೇರಿರುತ್ತವೆ.

ಹಾಗಂತ ಈ ಫ್ರೇಮ್‌ಗಳನ್ನು ಹೀಗಳೆಯುತ್ತಿಲ್ಲ. ಕೇರಿನ್ ಸ್ಪರ್ಧಿ ಕೊಯಿಚಿ ನಕಾನೊ 1977ರಿಂದ 1986ರವರೆಗೆ ಸಾಲಾಗಿ ಹತ್ತು ಸಲ ವಿಶ್ವ ಸ್ಪ್ರಿಂಟ್ ಚಾಂಪಿಯನ್ ಆದರಲ್ಲ, ಅವರ ಫ್ರೇಮ್‌ಗಳನ್ನು ಕಟ್ಟುತ್ತಿದ್ದವರು ಯೋಶಿಯಾಕಿ ನಗಸಾವ. ಇಟಲಿಗೆ ಹೋಗಿ ಪೊಗ್ಲಿಯಾಗಿ, ದೆ ರೋಸಾ ಎಂಬ ಫ್ರೇಮ್ ಕಟ್ಟುವವರ ಕೈಕೆಳಗೆ ಪಳಗಿ ಬಂದವರು. ಆ ಮಟ್ಟದ ಕೈಕೆಲಸವನ್ನು ಹತ್ತಿರದಿಂದ ನೋಡುವುದೇ ಒಂದು ಖುಷಿ. ಲಗ್‌ಗಳ (ಕೊಳವೆಗಳು ಸೇರುವಲ್ಲಿ ಹಾಕುವ ಲೋಹದ ಕವಚ) ಅಂಚು ಎಷ್ಟು ತೆಳ್ಳಗೆ ಅರ ಹಾಕಿರುತ್ತಾರೆ ಅಂದರೆ ಕೊಳವೆ ಎಲ್ಲಿ ಮುಗಿದು ಲಗ್ ಎಲ್ಲಿ ಶುರುವಾಯಿತು ಅಂತ ಬೆರಳಿಗೆ ಗೊತ್ತಾಗುವುದಿಲ್ಲ. ಆದರೆ ಖುಷಿಯಲ್ಲೇ ಪರ್ಸ್ ತೆಗೆಯಬಾರದು.

ಹುಡುಗನ ಫ್ರೇಮ್‌ಗೆ ಬರೋಣ. ಯಾರು ಕಟ್ಟಿದ್ದು ಅಂತ ಇಲ್ಲಿ ಬೇಡ. ನೇರಳೆ ಬಣ್ಣ, ಟಾಪ್ ಟ್ಯೂಬ್ (ಮೇಲಿನ ಅಡ್ಡ ಕೊಳವೆ) ಮೇಲೆ ಹಿಂದಿನ ಸ್ಪರ್ಧಿಯ ಹೆಸರು ಜಪಾನಿ ಅಕ್ಷರದಲ್ಲಿ. ಅವನು ಕಳಿಸಿದ್ದ ಫೋಟೋಗಳಲ್ಲಿ ಚೆಂದದ್ದೆಲ್ಲ ಇತ್ತು, ಬೇಕಾದದ್ದು ಒಂದೂ ಇರಲಿಲ್ಲ. ಅಂಗಡಿಯಲ್ಲೇ ನಿಂತು ವಿಡಿಯೋ ಕಾಲ್ ಮಾಡು ಅಂದೆ. ಅಂಗಡಿಯವರು ಪಾಪ, ಬಹಳ ತಾಳ್ಮೆಯವರು.

ಮೊದಲು ಫ್ರೇಮ್ ತಿರುಗಿಸಿ ಡೌನ್ ಟ್ಯೂಬಿನ (ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆ) ಅಡಿಭಾಗ ತೋರಿಸು ಅಂದೆ. ಹ್ಯಾಂಡಲ್ ಕೆಳಗಿನ ಗಿಡ್ಡ ಕೊಳವೆಯಾದ ಹೆಡ್ ಟ್ಯೂಬಿಗೆ ಸೇರುವ ಲಗ್ ಮುಗಿದ ಮೇಲಿನ ಮೂರು ನಾಲ್ಕು ಬೆರಳಗಲ ಜಾಗ. ಮುಂದಿನ ಚಕ್ರ ಎಲ್ಲಾದರೂ ಜೋರಾಗಿ ಗುದ್ದಿದ್ದರೆ ಅದರ ಗುರುತು ಇಲ್ಲೇ ಉಳಿಯುತ್ತದೆ. ಕೊಳವೆ ಸಣ್ಣದಾಗಿ ಉಬ್ಬುತ್ತದೆ, ಇಲ್ಲವೇ ಸುಕ್ಕಾಗುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಿಗುತ್ತದೆ. ಹೆಬ್ಬೆರಳನ್ನು ಉದ್ದಕ್ಕೆ ನಿಧಾನವಾಗಿ ಎಳೆಯಬೇಕು. ಮೊಬೈಲಿನ ಟಾರ್ಚನ್ನು ಕೊಳವೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಅಲೆ ಇದ್ದಲ್ಲಿ ನೆರಳು ಬೀಳುತ್ತದೆ. ಟಾಪ್ ಟ್ಯೂಬಿನ ಅಡಿಯಲ್ಲೂ ಇದೇ ಪರೀಕ್ಷೆ. ಇಲ್ಲಿ ಬಣ್ಣ ಅಡ್ಡಡ್ಡಕ್ಕೆ ಬಿರುಕು ಬಿಟ್ಟಿದ್ದರೆ ಅನುಮಾನ ಪಡಿ. ಇಷ್ಟು ಭಾಗಕ್ಕೆ ಮಾತ್ರ ಹೊಸ ಬಣ್ಣ ಬಿದ್ದಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಸುಕ್ಕು ಸಿಕ್ಕಿತು ಅಂದರೆ ಅಲ್ಲಿಗೆ ಮಾತು ಮುಗಿಯಿತು. ಕೊಳವೆಯನ್ನೇ ಬದಲಿಸಬಹುದು ನಿಜ, ಆದರೆ ಆ ಕೆಲಸದ ಖರ್ಚಿನಲ್ಲಿ ಇನ್ನೊಂದು ಒಳ್ಳೆ ಫ್ರೇಮ್ ಬರುತ್ತದೆ.

ಗುದ್ದಿದ ಏಟು ಕೆಲವೊಮ್ಮೆ ಮುಂದಿನ ಚಕ್ರ ಹಿಡಿಯುವ ಫೋರ್ಕ್‌ನಲ್ಲೇ ನಿಲ್ಲುತ್ತದೆ. ಫ್ರೇಮನ್ನು ಪಕ್ಕದಿಂದ ನೋಡಿ. ಹೆಡ್ ಟ್ಯೂಬಿನ ನಡುಗೆರೆಯನ್ನು ಮನಸ್ಸಿನಲ್ಲೇ ಕೆಳಕ್ಕೆ ಎಳೆದರೆ ಫೋರ್ಕ್ ಕಾಲಿನ ಮೇಲರ್ಧ ಅದೇ ಗೆರೆಯಲ್ಲಿ ಇಳಿದು, ಆಮೇಲೆ ಮುಂದಕ್ಕೆ ಬಾಗಬೇಕು. ಕಾಲು ಮೇಲಿನಿಂದಲೇ ಹಿಂದಕ್ಕೆ ವಾಲಿದ್ದರೆ ಏಟು ಬಿದ್ದಿದೆ. ಫೋರ್ಕ್‌ನ ಬಣ್ಣ ಫ್ರೇಮ್‌ಗಿಂತ ಒಂದು ಛಾಯೆ ಬೇರೆ ಇದ್ದರೆ ಮೊದಲಿನ ಫೋರ್ಕ್ ಎಲ್ಲಿ ಹೋಯಿತು ಅಂತ ಕೇಳಿ.

ಇನ್ನು ದಾರದ ಪರೀಕ್ಷೆ. ನನಗೆ ಬಹಳ ಇಷ್ಟವಾದದ್ದು ಇದೇ. ಖರ್ಚಿಲ್ಲ, ಸುಳ್ಳಿಲ್ಲ. ಹಿಂದಿನ ಚಕ್ರ ಕೂರುವ ಒಂದು ಕಡೆಯ ಸೀಳಿಗೆ ದಾರ ಕಟ್ಟಿ, ಮುಂದಕ್ಕೆ ತಂದು, ಹೆಡ್ ಟ್ಯೂಬನ್ನು ಸುತ್ತಿ, ಇನ್ನೊಂದು ಕಡೆಯ ಸೀಳಿಗೆ ಬಿಗಿಯಾಗಿ ಕಟ್ಟಬೇಕು. ಈಗ ಸೀಟಿನ ಕೆಳಗಿನ ಕೊಳವೆ, ಅಂದರೆ ಸೀಟ್ ಟ್ಯೂಬಿನ ಎಡಕ್ಕೆ ದಾರ ಎಷ್ಟು ದೂರ, ಬಲಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಒಂದು ಮಿಲಿಮೀಟರ್ ಹೆಚ್ಚುಕಮ್ಮಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಎರಡು ಮೂರು ಇದ್ದರೆ ಪಳಗಿದ ಕೈಯವರು ಬಗ್ಗಿಸಿ ಸರಿ ಮಾಡುತ್ತಾರೆ. ಸ್ಟೀಲಿನ ದೊಡ್ಡ ಗುಣವೇ ಅದು. ಅದಕ್ಕೂ ಜಾಸ್ತಿ ಅಂದರೆ ಬಿಟ್ಟುಬಿಡಿ. ಹಾಗೇ ಹಿಂದಿನ ಎರಡು ಸೀಳುಗಳ ನಡುವಿನ ಅಂತರವನ್ನೂ ಅಳೆಯಿರಿ. ಟ್ರ್ಯಾಕ್ ಚಕ್ರದ ನಡುವಿನ ಹಬ್‌ಗೆ ಬೇಕಾದ್ದು 120 ಮಿಲಿಮೀಟರ್. 130ರ ಹತ್ತಿರ ಇದ್ದರೆ ಯಾರೋ ರೋಡ್ ಚಕ್ರ ತುರುಕಿದ್ದಾರೆ ಅಂತ ಅರ್ಥ. ಅಂಗಡಿಯಲ್ಲಿ ದಾರ ಇರಲಿಲ್ಲ. ಹುಡುಗ ತನ್ನ ಶೂ ಲೇಸ್‌ಗಳನ್ನು ಬಿಚ್ಚಿ ಗಂಟು ಹಾಕಿದ. ಗಂಟು ಅಳತೆಗೆ ಅಡ್ಡ ಬಂತು. ಕೊನೆಗೆ ಅಂಗಡಿಯವರೇ ಪ್ಯಾಕಿಂಗ್ ದಾರ ತಂದುಕೊಟ್ಟರು. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬಂತು. ಚೊಕ್ಕವಾದ ಫ್ರೇಮ್.

ಟಾಪ್ ಟ್ಯೂಬಿನ ಎರಡೂ ಪಕ್ಕ ಸಣ್ಣ ನೆಗ್ಗು ಇತ್ತು. ಅದಕ್ಕೆ ಅವನು ಗಾಬರಿಯಾಗಿದ್ದ. ಟ್ರ್ಯಾಕ್ ಸೈಕಲ್ ಬಿದ್ದಾಗ ಹ್ಯಾಂಡಲ್ ಗರ್ರನೆ ತಿರುಗಿ ಅದರ ಕೊಕ್ಕೆ ಅಲ್ಲಿಗೇ ಬಡಿಯುತ್ತದೆ. ನೆಗ್ಗಿನ ಅಂಚು ನುಣುಪಾಗಿದ್ದು ಮಡಿಕೆ ಬಿದ್ದಿಲ್ಲದಿದ್ದರೆ ಅದು ಬರೀ ನೋಟದ ಕುಂದು. ಬೆಲೆ ಇಳಿಸಲು ಒಳ್ಳೆ ನೆಪ.

ತುಕ್ಕಿನ ಬಗ್ಗೆ ಜನ ತಪ್ಪು ಜಾಗದಲ್ಲಿ ಹೆದರುತ್ತಾರೆ. ಮೇಲೆ ಕಾಣುವ ಕಂದು ಕಲೆ ದೊಡ್ಡ ವಿಷಯವಲ್ಲ. ಬಣ್ಣದ ಅಡಿಯಿಂದ ಗುಳ್ಳೆಯಾಗಿ ಏಳುವುದು, ಒಳಗಿಂದ ತಿನ್ನುವುದು ಅಪಾಯ. ಫ್ರೇಮನ್ನು ತಲೆಕೆಳಗು ಮಾಡಿ ಅಲ್ಲಾಡಿಸಿ. ಸೀಟ್ ಟ್ಯೂಬಿನಿಂದ ಪುಡಿ, ಚಕ್ಕೆ ಉದುರಿದರೆ ಯೋಚನೆ ಮಾಡಿ. ಪೆಡಲ್ ತಿರುಗುವ ಅಚ್ಚಾದ ಬಾಟಮ್ ಬ್ರಾಕೆಟ್ ಬಿಚ್ಚಿದ್ದರೆ ಒಳಗೆ ಟಾರ್ಚ್ ಬಿಡಿ. ನೀರೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲೇ. ನಮ್ಮ ಮಳೆಗಾಲಕ್ಕೆ ತರುವುದಾದರೆ ಕೊಳವೆಗಳ ಒಳಗೆ ಅಗಸೆ ಎಣ್ಣೆ ಓಡಿಸಿ ಒಣಗಿಸಿ. ಹಳೆ ಉಪಾಯ, ಕೆಲಸ ಮಾಡುತ್ತದೆ.

ಸೀಟ್‌ಪೋಸ್ಟ್ (ಸೀಟ್ ಹೊರುವ ಕಂಬ) ಇರುವ ಫ್ರೇಮ್ ಆದರೆ ಅದನ್ನು ಅಲುಗಿಸಿ ತೋರಿಸಿ ಅನ್ನಿ. ಅಲ್ಯೂಮಿನಿಯಂ ಪೋಸ್ಟ್ ವರ್ಷಗಟ್ಟಲೆ ಸ್ಟೀಲ್ ಕೊಳವೆಯೊಳಗೆ ಕೂತರೆ ಕಚ್ಚಿಕೊಳ್ಳುತ್ತದೆ. "ಸ್ವಲ್ಪ ಟೈಟ್ ಇದೆ ಅಷ್ಟೇ" ಅನ್ನುವ ಮಾತನ್ನು ನಂಬಬೇಡಿ. ಕೊನೆಗೆ ಗರಗಸ ಹಾಕಿ ಒಳಗಿಂದ ಸೀಳಬೇಕಾಗುತ್ತದೆ. ಪೋಸ್ಟಿನ ಅಳತೆಯಿಂದ ಇನ್ನೊಂದು ಗುಟ್ಟೂ ತಿಳಿಯುತ್ತದೆ. ಸೀಟ್ ಟ್ಯೂಬಿನ ಹೊರ ಅಳತೆ ಸಾಮಾನ್ಯವಾಗಿ 28.6 ಮಿಲಿಮೀಟರ್. ಅದಕ್ಕೆ 27.2ರ ಪೋಸ್ಟ್ ಹೋಗುತ್ತದೆ ಅಂದರೆ ಕೊಳವೆಯ ಗೋಡೆ ಸುಮಾರು 0.7, ಅಂದರೆ ತೆಳುವಾದ ಒಳ್ಳೆ ಕೊಳವೆ. 26ರ ಆಸುಪಾಸಿನ ಪೋಸ್ಟ್ ಅಂದರೆ ದಪ್ಪ ಕೊಳವೆ, ಭಾರದ ಫ್ರೇಮ್. ಅಂಟಿಸಿದ ಸ್ಟಿಕ್ಕರ್ ಏನೇ ಹೇಳಲಿ. ಸ್ಟಿಕ್ಕರ್ ಯಾರು ಬೇಕಾದರೂ ಅಂಟಿಸಬಹುದು ಅಲ್ವಾ?

ಹೆಡ್‌ಸೆಟ್ (ಹ್ಯಾಂಡಲ್ ತಿರುಗಿಸುವ ಬೇರಿಂಗ್‌ಗಳ ಜೋಡಿ) ವಿಷಯದಲ್ಲೂ ಅಳತೆಯ ಕ್ಯಾಲಿಪರ್ ಹಿಡಿಯಿರಿ. ಫೋರ್ಕ್‌ನಲ್ಲಿ ಬೇರಿಂಗಿನ ಬಳೆ ಕೂರುವ ಜಾಗ ಹಳೆ ಜಪಾನಿ ಫ್ರೇಮ್‌ಗಳಲ್ಲಿ 27.0 ಮಿಲಿಮೀಟರ್ ಇರಬಹುದು, 26.4 ಇರಬಹುದು. ಒಂದಕ್ಕೆ ಇನ್ನೊಂದು ಕೂರುವುದಿಲ್ಲ.

ಇಷ್ಟೆಲ್ಲ ನೋಡಿದ ಮೇಲೆ ಹುಡುಗನ ಮುಖ ಅರಳಿತ್ತು. ಎಲ್ಲದರಲ್ಲೂ ಪಾಸ್! "ಹಾಗಾದ್ರೆ ಬಿಲ್ ಮಾಡಿಸ್ಲಾ ಅಣ್ಣಾ?"

ಬೇಡ ಅಂದೆ.

ನಾನು ನಿಜವಾಗಿ ಹೇಳಬೇಕೆಂದಿರುವುದು ಇದನ್ನೇ. ಫ್ರೇಮ್ ಚೆನ್ನಾಗಿದೆಯಾ ಅನ್ನುವುದು ಒಂದು ಪ್ರಶ್ನೆ. ಕೊಳ್ಳಬೇಕಾ ಅನ್ನುವುದು ಪೂರ್ತಿ ಬೇರೆ ಪ್ರಶ್ನೆ. ಮೊದಲನೆಯದಕ್ಕೆ ದಾರ, ಟಾರ್ಚ್, ಕ್ಯಾಲಿಪರ್ ಸಾಕು. ಎರಡನೆಯದಕ್ಕೆ ನೀವು ಎಲ್ಲಿ ಓಡಿಸುತ್ತೀರಿ, ನಿಮ್ಮ ಮೈ ಅಳತೆ ಎಷ್ಟು ಅಂತ ಹೇಳಬೇಕು.

ಕೇರಿನ್ ಫ್ರೇಮ್‌ಗಳನ್ನು ಒಬ್ಬೊಬ್ಬ ಸ್ಪರ್ಧಿಯ ಮೈಗೆ ಅಳೆದು ಕಟ್ಟುತ್ತಾರೆ. ಈ ನೇರಳೆ ಫ್ರೇಮಿನ ಟಾಪ್ ಟ್ಯೂಬ್ 53 ಸೆಂಟಿಮೀಟರ್ ಕೂಡ ಇರಲಿಲ್ಲ. ನಮ್ಮ ಹುಡುಗ ಆರಡಿ. ಉದ್ದ ಸ್ಟೆಮ್ (ಹ್ಯಾಂಡಲನ್ನು ಹಿಡಿಯುವ ಕೊಂಡಿ), ಎತ್ತರದ ಪೋಸ್ಟ್ ಹಾಕಿ ಸರಿದೂಗಿಸಬಹುದು ಅನ್ನುತ್ತಾರೆ. ಸರಿದೂಗುವುದು ಫೋಟೋದಲ್ಲಿ ಮಾತ್ರ. ಅರ್ಧ ಗಂಟೆ ಓಡಿಸಿದರೆ ಕುತ್ತಿಗೆಗೆ ಗೊತ್ತಾಗುತ್ತದೆ.

ಎರಡನೆಯದು, ಅವನು ಮುಂದಿನ ವರ್ಷ ವಾಪಸ್ ಬರುವಾಗ ಇದನ್ನು ತಂದು ಬೆಂಗಳೂರಿನಲ್ಲಿ ಆಫೀಸಿಗೆ ಓಡಿಸುವ ಯೋಚನೆಯಲ್ಲಿದ್ದ. ಟ್ರ್ಯಾಕ್ ಫ್ರೇಮ್ ಅಂದರೆ ಏನು? ನಿಲ್ಲುವ ಅಗತ್ಯವೇ ಇಲ್ಲದ ಜಾಗಕ್ಕೆ ಮಾಡಿದ್ದು. ಬ್ರೇಕ್ ಇಲ್ಲ, ಬ್ರೇಕ್ ಕೂರಿಸಲು ಫೋರ್ಕ್‌ನಲ್ಲಿ ತೂತೂ ಇಲ್ಲ. ಫ್ರೀವೀಲ್ ಇಲ್ಲ, ಚಕ್ರ ತಿರುಗುವವರೆಗೆ ಕಾಲೂ ತಿರುಗುತ್ತಲೇ ಇರಬೇಕು. ಚಕ್ರಕ್ಕೂ ಫ್ರೇಮಿಗೂ ನಡುವೆ ಜಾಗ ಕಡಿಮೆ, 25 ಮಿಲಿಮೀಟರಿಗಿಂತ ದಪ್ಪ ಟೈರ್ ಹೆಚ್ಚಿನವಕ್ಕೆ ಹಿಡಿಸುವುದಿಲ್ಲ. ಮಡ್‌ಗಾರ್ಡ್ ಕನಸೇ ಬೇಡ. ನಿಧಾನವಾಗಿ ತಿರುಗಿಸುವಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಆಗುವುದೆಲ್ಲ ನಿಧಾನದ ತಿರುವೇ. ಫೋರ್ಕ್‌ಗೆ ತೂತು ಕೊರೆಸಬಹುದು, ಗೊತ್ತಿದ್ದವರು ಸರಿಯಾದ ಜಾಗದಲ್ಲಿ ಕೊರೆದರೆ. ಫೋರ್ಕ್ ಕಾಲಿಗೆ ಹಿಡಿಸುವ ಬ್ರೇಕ್ ಕ್ಲಾಂಪ್‌ಗಳೂ ಸಿಗುತ್ತವೆ, ನನಗೆ ಅವುಗಳ ಮೇಲೆ ನಂಬಿಕೆಯಿಲ್ಲ. ಜಪಾನಿನಲ್ಲೇ ರಸ್ತೆಗಿಳಿಯುವ ಸೈಕಲ್‌ಗೆ ಎರಡೂ ಚಕ್ರಕ್ಕೆ ಬ್ರೇಕ್ ಇರಬೇಕು ಅಂತ ಕಾನೂನು. 2011ರ ಸುಮಾರಿಗೆ ಬ್ರೇಕಿಲ್ಲದೆ ಓಡಿಸುತ್ತಿದ್ದವರ ಹಿಂದೆ ಅಲ್ಲಿನ ಪೊಲೀಸರು ಚೆನ್ನಾಗಿಯೇ ಬಿದ್ದಿದ್ದರು.

ಖರ್ಚಿನ ಲೆಕ್ಕವನ್ನೂ ಕೇಳಿ. ಫ್ರೇಮ್ ಅಗ್ಗ ಅಂತ ಕಾಣುತ್ತದೆ. ಚಕ್ರ, ಕ್ರ್ಯಾಂಕ್, ಬಾಟಮ್ ಬ್ರಾಕೆಟ್, ಹೆಡ್‌ಸೆಟ್, ಸ್ಟೆಮ್, ಹ್ಯಾಂಡಲ್, ಸೀಟ್ ಎಲ್ಲ ಸೇರುವಾಗ ಅದರ ಎರಡು ಮೂರು ಪಟ್ಟು ಆರಾಮಾಗಿ ಆಗುತ್ತದೆ. ಬೇಕಾದ ಬಿಡಿಭಾಗ ನಮ್ಮ ಬೀದಿಯ ಸೈಕಲ್ ಅಂಗಡಿಯಲ್ಲಿ ಸಿಗುವುದಿಲ್ಲ.

ಹಾಗಾದರೆ ಯಾರು ಕೊಳ್ಳಬೇಕು? ಟ್ರ್ಯಾಕ್ ಹತ್ತಿರ ಇರುವವರು. ದೆಹಲಿ, ಹೈದರಾಬಾದ್, ತಿರುವನಂತಪುರದಲ್ಲಿ ಟ್ರ್ಯಾಕ್‌ಗಳಿವೆ. ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗ ಹುಡುಗಿಯರು ಎಷ್ಟೋ ವರ್ಷಗಳಿಂದ ರಾಷ್ಟ್ರಮಟ್ಟದ ಪದಕ ತರುತ್ತಿದ್ದಾರೆ. ಟ್ರ್ಯಾಕ್ ಅಭ್ಯಾಸ ಶುರುಮಾಡುವ ಒಬ್ಬ ಜೂನಿಯರ್‌ಗೆ ಅಳತೆ ಸರಿಹೊಂದುವ, ನೆಟ್ಟಗಿರುವ ಇಂಥ ಫ್ರೇಮ್ ಸಿಕ್ಕರೆ ನಾನು ಎರಡು ಸಲ ಯೋಚಿಸದೆ ಕೊಳ್ಳಿ ಅನ್ನುತ್ತೇನೆ. ಹೆಸರಿಲ್ಲದವರು ಕಟ್ಟಿದ್ದಾದರೂ ಸರಿ, ಮುದ್ರೆ ಇಲ್ಲದಿದ್ದರೂ ಸರಿ. ದೊಡ್ಡ ಪದಕಕ್ಕೆ ಓಡುವ ಹೊತ್ತಿಗೆ ಕಾರ್ಬನ್ ಫ್ರೇಮ್ ಬೇಕಾಗುತ್ತದೆ, ಅದು ಬೇರೆ ಮಾತು. ಜಪಾನಿನಲ್ಲಿ 2012ರಲ್ಲಿ ಮತ್ತೆ ಶುರುವಾದ ಹೆಣ್ಣುಮಕ್ಕಳ ಕೇರಿನ್‌ನಲ್ಲೂ ಕಾರ್ಬನ್ನೇ.

ರಸ್ತೆಯಲ್ಲಿ ಫ್ರೀವೀಲ್ ಇಲ್ಲದ ಫಿಕ್ಸ್ಡ್ ಗೇರ್ ಓಡಿಸುವ ಆಸೆ ಇದ್ದವರಿಗೆ ನನ್ನ ಸಲಹೆ ಹಳೆ ಸ್ಟೀಲ್ ರೋಡ್ ಫ್ರೇಮ್. ಹಿಂದಿನ ಸೀಳು ಮಾತ್ರ ಅಡ್ಡಕ್ಕಿರಬೇಕು. ನಮ್ಮ ಅಟ್ಲಾಸ್, ಹೀರೋ ಸೈಕಲ್‌ಗಳಲ್ಲಿ ಚಕ್ರ ಹಿಂದಕ್ಕೆಳೆದು ಚೈನ್ ಬಿಗಿ ಮಾಡುತ್ತಿದ್ದೆವಲ್ಲ, ಆ ಸೌಕರ್ಯ ಬೇಕು. ನೇರ ಕೆಳಕ್ಕೆ ಸೀಳಿರುವ ಈಚಿನ ಫ್ರೇಮ್‌ಗಳಲ್ಲಿ ಅದು ಆಗುವುದಿಲ್ಲ. ರೋಡ್ ಫ್ರೇಮಿಗೆ ಬ್ರೇಕಿನ ತೂತು ಇರುತ್ತದೆ, ಟೈರಿಗೆ ಇನ್ನಷ್ಟು ಜಾಗ ಇರುತ್ತದೆ, ಬೆಲೆಯೂ ಕಡಿಮೆ. ಜಂಭ ಕೊಚ್ಚಿಕೊಳ್ಳಲು ಮುದ್ರೆ ಇರುವುದಿಲ್ಲ, ಅದೊಂದು ನಷ್ಟ.

ಹುಡುಗನಿಗೆ ಮೊದಲು ಬೇಜಾರಾಯಿತು. "ಗೋಡೆಗೆ ತೂಗುಹಾಕೋಕಾದ್ರೂ ತಗೊಳ್ಲಾ ಅಣ್ಣಾ" ಅಂದ. ಗೋಡೆಗಾದರೆ ನೆಟ್ಟಗಿರುವುದಕ್ಕೆ ಯಾಕೆ ದುಡ್ಡು ಕೊಡುತ್ತೀಯ ಮಾರಾಯ, ಸೊಟ್ಟಗಾದದ್ದನ್ನೇ ಅಗ್ಗಕ್ಕೆ ಕೇಳು, ನೆಟ್ಟಗಿರುವುದು ಯಾರಾದರೂ ಓಡಿಸುವವರಿಗೆ ಸಿಗಲಿ ಅಂದೆ. ಈಗ ರೋಡ್ ಫ್ರೇಮ್ ಹುಡುಕುತ್ತಿದ್ದಾನೆ. ಟಾಪ್ ಟ್ಯೂಬ್ 57 ಸೆಂಟಿಮೀಟರ್ ಆಸುಪಾಸು, ಅಡ್ಡ ಸೀಳು, ಪೋಸ್ಟ್ ಸಲೀಸಾಗಿ ಅಲುಗಬೇಕು. ನಗೋಯಾ, ಒಸಾಕಾ ಕಡೆ ಇರುವ ಕನ್ನಡಿಗರಿಗೆ ಕಣ್ಣಿಗೆ ಬಿದ್ದರೆ ಕಮೆಂಟಿನಲ್ಲಿ ಹಾಕಿ. ಡೌನ್ ಟ್ಯೂಬಿನ ಅಡಿಭಾಗದ ಫೋಟೋ ಮರೆಯಬೇಡಿ.