ಬಾಟಲಿಗೆ ಸರ್ಕಾರವೇ ಇಟ್ಟ ದೃಷ್ಟಿಬೊಟ್ಟು

ಮಗುವಿಗೆ ಕಣ್ಣು ತಾಗದಿರಲಿ ಅಂತ ಕೆನ್ನೆಗೆ ಕಪ್ಪು ಬೊಟ್ಟು ಇಡ್ತೀವಲ್ಲ, ಐಸ್‌ಲ್ಯಾಂಡ್ ಸರ್ಕಾರ ಅದನ್ನೇ ಒಂದು ಬಾಟಲಿಗೆ ಇಟ್ಟಿತು. ಹಸಿರು ಬಾಟಲಿ, ಮೇಲೆ ಸಾವಿನ ಮನೆಯ ಕಳೆ ಇರುವ ಕಪ್ಪು ಲೇಬಲ್. ನೋಡಿದವರು ಕೊಳ್ಳದೆ ಮುಂದೆ ಹೋಗಲಿ ಅಂತಲೇ ಹಾಗೆ ಮಾಡಿದ್ದು ಅಂತ ಅಲ್ಲಿಯವರು ಹೇಳುತ್ತಾರೆ. ಸರಿ, ಮಾರುತ್ತಿದ್ದವರು ಯಾರು? ಅದೇ ಸರ್ಕಾರ!

ಇದರ ಹೆಸರು ಬ್ರೆನ್ನಿವಿನ್. ಶಾಹಿ ಜೀರಿಗೆ ಘಮದ ಸಾರಾಯಿ, ಆಲ್ಕೋಹಾಲ್ 37.5%. ಜನ ಆ ಲೇಬಲ್ ನೋಡಿ ಹೆದರಲಿಲ್ಲ, ಪ್ರೀತಿಯಿಂದ 'ಕಪ್ಪು ಸಾವು' ಅಂತ ಅಡ್ಡಹೆಸರಿಟ್ಟು ಮನೆಗೆ ತಂದರು.

ಈ ದೇಶದ ಮದ್ಯದ ಚರಿತ್ರೆಯೇ ಒಂದು ಪ್ರಹಸನ. 1908ರಲ್ಲಿ ಜನರೇ ಓಟು ಹಾಕಿ ಪಾನನಿಷೇಧ ಬೇಕು ಅಂದರು, 1915ರಿಂದ ಅದು ಜಾರಿಗೂ ಬಂತು. ಅಷ್ಟರಲ್ಲಿ ಸ್ಪೇನ್ ತಗಾದೆ ತೆಗೆಯಿತು: ನಮ್ಮ ವೈನ್ ಕೊಳ್ಳದಿದ್ದರೆ ನಿಮ್ಮ ಉಪ್ಪುಮೀನು ನಮಗೂ ಬೇಡ. ಮೀನು ಮಾರದಿದ್ದರೆ ಊಟಕ್ಕೆ ದಾರಿ ಏನು? 1922ರಲ್ಲಿ ವೈನ್‌ಗೆ ಬಾಗಿಲು ತೆರೆಯಿತು. ನೀತಿ ನಿಯಮ ಎಲ್ಲ ಇರಲಿ, ಮೀನು ಕೊಳೆಯಬಾರದು ಅಲ್ವಾ?

1935ರಲ್ಲಿ ಸಾರಾಯಿಯೂ ವಾಪಸ್ ಬಂತು, ಬ್ರೆನ್ನಿವಿನ್ ಹುಟ್ಟಿದ್ದೂ ಆಗಲೇ. ಆದರೆ ಬಿಯರ್ ಮಾತ್ರ ಬೇಡ! 2.25% ದಾಟಿದ ಬಿಯರ್ ಅಪರಾಧ, 37.5% ಸಾರಾಯಿ ಸರ್ಕಾರಿ ಅಂಗಡಿಯಲ್ಲೇ ಸಿಗುತ್ತದೆ. ಬಿಯರ್ ಅಗ್ಗ, ಹುಡುಗರು ಅದನ್ನು ಕುಡಿದು ಕೆಡುತ್ತಾರೆ, ಆಮೇಲೆ ಗಟ್ಟಿ ಮದ್ಯಕ್ಕೆ ಹೋಗುತ್ತಾರೆ ಅನ್ನೋದು ವಾದ. ಮಜ್ಜಿಗೆ ಕುಡಿದರೆ ನೆಗಡಿಯಾಗುತ್ತೆ ಅಂತ ಐಸ್‌ಕ್ರೀಂ ಕೊಡಿಸಿದ ಹಾಗೆ.

ಜನ ಸುಮ್ನೆ ಇರ್ತಾರಾ? ಬಾರುಗಳಲ್ಲಿ ಸಪ್ಪೆ ಬಿಯರ್ ಮಗ್ಗಿಗೆ ಸಾರಾಯಿ ಸುರಿದು, ಕಲಕಿ, ನೊರೆ ಸಮೇತ ಕೊಡತೊಡಗಿದರು. ಅದಕ್ಕೆ 'ಬ್ಯೋರ್‌ಲೀಕಿ' ಅಂತ ಹೆಸರು, ಅಂದರೆ ಬಿಯರಿನಂಥದ್ದು. ಸಪ್ಪೆ ಬಿಯರ್ ಕಾನೂನುಬದ್ಧ, ಸಾರಾಯಿಯೂ ಕಾನೂನುಬದ್ಧ, ಎರಡೂ ಒಂದೇ ಮಗ್ಗಿಗೆ ಬಿದ್ದದ್ದೇ ತಪ್ಪಾಯಿತು ಅಂತ 1985ರಲ್ಲಿ ಅದನ್ನೂ ನಿಷೇಧಿಸಿದರು. ಕೊನೆಗೆ 1989ರ ಮಾರ್ಚ್ 1ಕ್ಕೆ ಅಸಲಿ ಬಿಯರ್ ಬಂತು. ಈಗ ಪ್ರತಿ ವರ್ಷ ಆ ದಿನ ಹಬ್ಬ.

ಬ್ರೆನ್ನಿವಿನ್ ಮಾತ್ರ ಅಷ್ಟರಲ್ಲಿ ರಾಷ್ಟ್ರೀಯ ಪೇಯದ ಪಟ್ಟಕ್ಕೇರಿತ್ತು. ಚಳಿಗಾಲದ ಥೋರಾಬ್ಲೋಟ್ ಹಬ್ಬದಲ್ಲಿ ಹಾಕರ್ಲ್ ಜೊತೆ ಅದು ಇರಲೇಬೇಕು. ಹಾಕರ್ಲ್ ಅಂದರೆ ಹುದುಗಿಸಿ ತಿಂಗಳುಗಟ್ಟಲೆ ಗಾಳಿಗೆ ನೇತುಹಾಕಿದ ಶಾರ್ಕ್ ಮಾಂಸ. ಸಕ್ಕರೆ ಅಚ್ಚಿನಷ್ಟು ಚಿಕ್ಕ ತುಂಡು, ಹತ್ತಿರ ತಂದರೆ ಅಮೋನಿಯಾ ವಾಸನೆಗೆ ಕಣ್ಣಲ್ಲಿ ನೀರು. ಅದನ್ನು ನುಂಗಿದ ಮೇಲೆ ಬಾಯಿ ತೊಳೆಯಲು ಒಂದು ಗುಟುಕು. (ಔಷಧಿ ಅಂತ ಕುಡಿದರೆ ಯಾವ ಅಜ್ಜಿಯೂ ಬೈಯಲಾರಳು.)

ಹೆದರಿಸಲು ಅಂಟಿಸಿದ ಆ ಕಪ್ಪು ಲೇಬಲ್ ಈಗ ಟೀ ಶರ್ಟ್ ಮೇಲೂ ಇದೆ. ಬಾಟಲಿ ಕೆಫ್ಲವಿಕ್ ವಿಮಾನ ನಿಲ್ದಾಣದ ಡ್ಯೂಟಿ ಫ್ರೀಯಲ್ಲಿ ಸಾಲಾಗಿ ನಿಂತಿರುತ್ತದೆ. ಯಾರೂ ಕೊಳ್ಳಬಾರದು ಅಂತ ಇಷ್ಟೆಲ್ಲ ಮಾಡಿದ ಸಾರಾಯಿಗೆ ಅಲ್ಲಿ ತೆರಿಗೆಯೂ ಮಾಫಿ.