ಚಾಡಿಕೋರ ನೀರು

ಇವತ್ತು ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದರೆ ನಮ್ಮ ಈಜುಕೊಳ ಹಸಿರಾಗಿ ನಿಂತಿತ್ತು. ಮೊನ್ನೆಯವರೆಗೆ ತಳಕ್ಕೆ ಬಿದ್ದ ಹೇರ್‌ಪಿನ್ ಕೂಡ ಕಾಣುತ್ತಿತ್ತು. ಇವತ್ತು ತಳವೇ ನಾಪತ್ತೆ.

"ಪಂಪ್ ಆಫ್ ಮಾಡಿದ್ದು ಯಾರು?" ಅಂದರು ನಮ್ಮ ಮನೆಯವರು.

ನಾನೇ. ಮಧ್ಯಾಹ್ನ ಮಲಗಿದಾಗ ಅದರ ಗುಂಯ್‌ಗುಡುವ ಸದ್ದು ತಡೆಯಲಾರದೆ ಆರಿಸಿದ್ದೆ, ಮತ್ತೆ ಹಾಕುವುದು ಮರೆತಿದ್ದೆ. ಅದಾಗಿ ಮೂರು ದಿನ. ಕ್ಲೋರಿನ್ನನ್ನು ಬಿಸಿಲು ತಿಂದು ಮುಗಿಸಿದೆ, ಮಿಕ್ಕಿದ್ದನ್ನು ಪಾಚಿ ನೋಡಿಕೊಂಡಿದೆ. ನಾನು ಯಾರಿಗೂ ಹೇಳಿರಲಿಲ್ಲ. ನೀರು ಹೇಳಿತು.

ನೆಲದ ಮೇಲೆ ನಿಲ್ಲಿಸುವ ಈ ಕೊಳ ತಂದಾಗಿನಿಂದಲೂ ಅದಕ್ಕೆ ಇದೇ ಚಾಳಿ. ಗಾಳಿ ತುಂಬುವ ಅಂಚಿನದು ಬೇಡ, ಬೆಕ್ಕು ಒಂದು ಸಲ ಮೈಮುರಿದರೆ ಮುಗಿಯಿತು ಅಂತ ಹಟ ಹಿಡಿದು ಕಬ್ಬಿಣದ ಪೈಪಿನ ಚೌಕಟ್ಟು ಇರುವುದನ್ನು ತರಿಸಿದ್ದು ನಾನು. 12 ಅಡಿ ಅಗಲ, 30 ಇಂಚು ಎತ್ತರ. ಇಷ್ಟೇನಾ ಅನ್ನಬೇಡಿ. ಸುಮಾರು 6,500 ಲೀಟರ್ ಹಿಡಿಯುತ್ತೆ. ಅಂದರೆ ಆರೂವರೆ ಟನ್. ಹಿತ್ತಲಲ್ಲಿ ಒಂದು ಆನೆ ಕೂರಿಸಿ, ಅದರ ಮೇಲೆ ಮರಿಯನ್ನೂ ಹತ್ತಿಸಿದ ಹಾಗೆ.

ಅದಕ್ಕೇ ನೆಲ ಸಮವಾಗಿರಬೇಕು ಅಂತ ಜೊತೆಗೆ ಬಂದ ಪುಸ್ತಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿತ್ತು. ನಮ್ಮವರು ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ, ಕುಕ್ಕರುಗಾಲಲ್ಲಿ ಕೂತು ನೋಡಿ, "ಕೇರಂ ಬೋರ್ಡ್ ಇದ್ದ ಹಾಗಿದೆ" ಅಂತ ತೀರ್ಪು ಕೊಟ್ಟರು. ರಾತ್ರಿಯೆಲ್ಲ ನೀರು ಬಿಟ್ಟೆವು. ಬೆಳಿಗ್ಗೆ ನೋಡಿದರೆ ಈ ಕಡೆ ಅಂಚಿಗೆ ಎರಡು ಬೆರಳು ಬಾಕಿ, ಆ ಕಡೆ ಆರು ಬೆರಳು.

ಅವರು ಕೊಳಕ್ಕೆ ಎರಡು ಪ್ರದಕ್ಷಿಣೆ ಹಾಕಿದರು. ಕೈಕಟ್ಟಿ ನಿಂತರು. ಆಮೇಲೆ ಬಹಳ ಗಂಭೀರವಾಗಿ, "ನೀರು ಇನ್ನೂ ಸರಿಯಾಗಿ ಕೂತಿಲ್ಲ ಕಣೇ" ಅಂದರು.

"ನೀರು ಕೂರೋದು ಅಂದ್ರೇನ್ರೀ? ಮೇಸ್ತ್ರಿಗಳು ಮಟ್ಟ ನೋಡೋದೇ ಪೈಪಿಗೆ ನೀರು ತುಂಬಿ, ಅಲ್ವಾ?"

"ಅದು ಸ್ವಲ್ಪ ನೀರು. ಇದು ಜಾಸ್ತಿ. ಟೈಮ್ ಬೇಕು."

ಕೊಟ್ಟೆ. ಗಂಟೆಗೊಮ್ಮೆ ಮಗಳ ಸ್ಕೇಲ್ ಹಿಡಿದು ಹೋಗಿ ಅಳೆದು ಬಂದರು. ಮಧ್ಯಾಹ್ನದ ಹೊತ್ತಿಗೆ ತಪ್ಪು ಸ್ಕೇಲಿನದು ಅಂತಾಯಿತು. ಸಂಜೆ ನೋಡಿದರೆ, ಅಲುಗುವ ಮೇಜಿನ ಕಾಲಿಗೆ ಇಡುತ್ತೀವಲ್ಲ, ಹಾಗೆ ರಟ್ಟು ಮಡಚಿ ಕೊಳದ ಕಾಲಿನಡಿ ತುರುಕುತ್ತಿದ್ದಾರೆ! ಆರೂವರೆ ಟನ್ನಿಗೆ ರಟ್ಟಿನ ಚೂರು. ನನಗೆ ನಗು ಬಂತು. ನಕ್ಕಿದ್ದಕ್ಕೆ ಎರಡು ದಿನ ಮಾತಿಲ್ಲ. ಮೂರನೇ ದಿನ ನೀರನ್ನೆಲ್ಲ ಗಿಡಗಳಿಗೆ ಬಿಟ್ಟು, ದಿಬ್ಬ ಇದ್ದ ಕಡೆ ಮಣ್ಣು ಕೆರೆದೆವು. ತಗ್ಗಿಗೆ ಮಣ್ಣು ತುಂಬೋಣ, ಸುಲಭ ಅಂದರು. ತುಂಬಿದ ಮಣ್ಣು ಭಾರಕ್ಕೆ ಮತ್ತೆ ಕುಸಿಯುತ್ತೆ ಅಂತ ಅದೇ ಪುಸ್ತಿಕೆ ತೋರಿಸಿದೆ.

ಇನ್ನು ವಾಸನೆಯ ವಿಷಯ. ಅಕ್ಕನ ಮಕ್ಕಳು ಬಂದು ಇಡೀ ದಿನ ಆಡಿಹೋದ ಮೇಲೆ ಕೊಳದಿಂದ ಘಾಟು. ಕ್ಲೋರಿನ್ ಜಾಸ್ತಿ ಹಾಕಿದೀಯ ಅಂತ ನನ್ನ ಮೇಲೆ ಬಂತು. ಆದರೆ ಆ ಘಾಟು ಬರೀ ಕ್ಲೋರಿನ್ನಿನದಲ್ಲ. ಕ್ಲೋರಿನ್ ಬೆವರಿನ ಜೊತೆ, ಮತ್ತೆ ಇನ್ನೊಂದರ ಜೊತೆ ಸೇರಿದಾಗ ಹುಟ್ಟುವಂಥದ್ದು. ಇದನ್ನು ಅಕ್ಕನಿಗೆ ಫೋನಿನಲ್ಲಿ ವಿವರಿಸುತ್ತಿದ್ದೆ. ಹಿಂದಿನಿಂದ ಅವಳ ಕಿರಿಯವನ ದನಿ ಕೇಳಿಸಿತು: "ನಾನಲ್ಲ!" ಅವನನ್ನು ಯಾರೂ ಏನೂ ಕೇಳಿರಲಿಲ್ಲ.

ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡುವುದು ಮಾತ್ರ ನನ್ನ ಪಾಲಿನ ಕೆಲಸ. ಪಿಎಚ್, ಅಂದರೆ ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಅನ್ನುವ ಅಳತೆ, 7.2ರಿಂದ 7.8ರೊಳಗೆ ಇರಬೇಕು. ಅದಕ್ಕಿಂತ ಮೇಲೇರಿದರೆ ಕ್ಲೋರಿನ್ ಸೋಮಾರಿ ಆಗುತ್ತೆ. ಮನೆಯಲ್ಲಿ ಸೋಮಾರಿಗಳು ಈಗಾಗಲೇ ಇದ್ದಾರೆ.

ಹೋದ ವರ್ಷ ಇದೇ ನೀರಿನಲ್ಲಿ ಮಗಳು ತೇಲುವುದು ಕಲಿತಳು. ಬೆನ್ನಿನಡಿ ನನ್ನ ಅಂಗೈ ಇರಬೇಕಿತ್ತು. ತೆಗೆದರೆ ಕಿರುಚುತ್ತಿದ್ದಳು. ಒಂದು ಸಂಜೆ ತೆಗೆದೆ, ಅವಳಿಗೆ ಗೊತ್ತೇ ಆಗಲಿಲ್ಲ. ಈಗ ಅವಳು ಕೊಳಕ್ಕಿಳಿದರೆ ನಾನು ಟವೆಲ್ ಹಿಡಿದು ನಿಲ್ಲೋದಷ್ಟೇ.

ಇವತ್ತು ಫಿಲ್ಟರ್ ಬಿಚ್ಚಿ ತೊಳೆದು, ಬ್ರಷ್ ಹಿಡಿದು ಉಜ್ಜಲು ಹೊರಟೆ. ಇವರು ಕೈ ಅಡ್ಡ ಹಿಡಿದರು. ಒಳಗೋಡೆಯ ಸುತ್ತ ಪಾಚಿಯ ಗೆರೆ ಕೂತಿತ್ತು. ಸ್ಕೇಲ್ ತಂದು ಆ ಕಡೆ ಅಳೆದರು, ಈ ಕಡೆ ಅಳೆದರು.

"ನೋಡೇ, ಸುತ್ತ ಒಂದೇ ಸಮ! ಉಜ್ಜಬೇಡ ಇರು, ಫೋಟೋ ತೆಗೀತೀನಿ."